ಡಿಸ್ಕಿನ ಮೇಲೆ ಎಳೆದ ವಿಭೂತಿ

ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ನನ್ನ ತಮ್ಮ ಕಂಪ್ಯೂಟರಿನ ಎರಡನೇ ಡಿಸ್ಕನ್ನು ಕೈಗೆ ತೆಗೆದುಕೊಂಡಾಗ "ಹಾಕಬೇಡ ಕಣೋ" ಅನ್ನಬೇಕಿತ್ತು. ಅವನಿಗೂ ನನಗೂ ನಡುವೆ ನಾಲ್ಕು ಹೆಜ್ಜೆ ದೂರ ಅಷ್ಟೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆದರಾಯಿತು ಎಂದುಕೊಂಡರೆ ಮತ್ತೆ ಧೈರ್ಯ ಸಾಲುವುದಿಲ್ಲ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಹೋದ ತಿಂಗಳು ಒಂದು ದಿನ, ಕುಚ್ಚು ಕಟ್ಟಿದ ಸೀರೆಗಳನ್ನು ಚಿಕ್ಕಪೇಟೆಯ ಅಂಗಡಿಗೆ ಕೊಟ್ಟು ಬಳೇಪೇಟೆಯ ಕಡೆಯಿಂದ ಬರುತ್ತಿದ್ದೆ. ಒಂದು ವಾದ್ಯದ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಿಚ್ಚಿ ಹರಡಿಕೊಂಡು ಬೆಸುಗೆ ಹಾಕುತ್ತಿದ್ದರು. ಕಾದ ಸೀಸದ ಹೊಗೆ, ಅದರೊಳಗೆ ಸುಟ್ಟ ರಾಳದ ವಾಸನೆ... ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಕೈಗಾಡಿಯವನು "ಸೈಡ್ ಬನ್ನಿ ಅಮ್ಮಾ, ಏನ್ ದೇವಸ್ಥಾನಾನಾ ಇದು, ನಿಂತ್ಬಿಟ್ರಲ್ಲ" ಎಂದು ಗದರಿದ ಮೇಲೆ ಸರಿದೆ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಅದೇ ವಾಸನೆ ಇತ್ತು. ತಮ್ಮ ಹೋದ ಮೇಲೆ ಅದೂ ಹೋಯಿತು.

ತಮ್ಮ ಮಾಮೂಲ್‌ಪೇಟೆಯ ಒಂದು ಅಂಗಡಿಯಲ್ಲಿ ತೂಕದ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಮದುವೆ ಮಾಡಿಕೊಳ್ಳಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅವನ ಜೊತೆಗೇ ಇದ್ದೆ. ಒಂದು ಭಾನುವಾರ ಹಳೇ ಸಾಮಾನಿನ ಸಂತೆಯಿಂದ ಒಂದು ಕಂಪ್ಯೂಟರನ್ನು ಹೆಗಲ ಮೇಲೆ ಹೊತ್ತು ತಂದ. ಕಬ್ಬಿಣದ ಟ್ರಂಕಿನಷ್ಟು ಭಾರ, ಹಸಿರು ಅಕ್ಷರದ ಪುಟ್ಟ ಪರದೆ. ಅದಕ್ಕೆ ಸ್ವಂತ ನೆನಪು ಇಲ್ಲ ಎಂದು ಅವನೇ ಹೇಳಿದ್ದ. ಏನು ಮಾಡಬೇಕಾದರೂ ಹಪ್ಪಳದಷ್ಟು ತೆಳುವಾದ, ಚೌಕದ, ಕಪ್ಪು ಡಿಸ್ಕೊಂದನ್ನು ಅದರ ಬಾಯಿಗೆ ಇಡಬೇಕು. ಅದನ್ನು ನಡೆಸುವ ವ್ಯವಸ್ಥೆಯೂ ಆ ಡಿಸ್ಕಿನಲ್ಲೇ ಇರುತ್ತದೆ. ಆ ವ್ಯವಸ್ಥೆ ಹುಟ್ಟಿದ ಕಾಲದಲ್ಲಿ ಇಮೇಲ್ ಎಂದರೆ ಏನು ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಥ ಯಂತ್ರಕ್ಕೆ ಈಗಿನ ಇಮೇಲ್ ಬರುವ ಹಾಗೆ ಮಾಡಬೇಕು ಎನ್ನುವುದು ತಮ್ಮನ ಹಟ.

"ಯಾತಕ್ಕೋ ಇದು? ಫೋನಲ್ಲೇ ಬರುತ್ತಲ್ಲ" ಎಂದರೆ, "ನೀನ್ ಯಾತಕ್ಕೆ ಕೈಯಲ್ಲಿ ಕುಚ್ಚು ಕಟ್ತೀಯಾ? ಮೆಷಿನ್ ಇಲ್ವಾ?" ಅನ್ನುತ್ತಿದ್ದ.

ಆ ಹಟಕ್ಕೆ ಜೊತೆಯಾದವರು ಮಲ್ಲೇಶ್ವರದ ಮೇಷ್ಟ್ರು. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದವರು. ಬಸವನಗುಡಿಯ ಒಂದು ಶಾಲೆಯ ಮಹಡಿಯಲ್ಲಿ ತಿಂಗಳಿಗೊಮ್ಮೆ ಹಳೇ ಕಂಪ್ಯೂಟರಿನ ಹುಚ್ಚಿನವರು ಸೇರುತ್ತಿದ್ದರು. ಅಲ್ಲಿ ಪರಿಚಯ. ಆಮೇಲೆ ಎಂಟು ತಿಂಗಳು ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಮೇಷ್ಟ್ರು ನಮ್ಮ ಮನೆಯ ಬಾಗಿಲಲ್ಲಿ. ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು, ಜೇಬಿನಲ್ಲಿ ಭೂತಗನ್ನಡಿ. ಚಪ್ಪಲಿ ಬಿಡುತ್ತಲೇ "ತಾಯೀ, ಕಾಫಿಗೆ ಸಕ್ಕರೆ ಬೇಡ, ನಿಮ್ಮ ತಮ್ಮನ ಮಾತೇ ಸಾಕು" ಅನ್ನುವರು. ತಮ್ಮನ ಮಾತಿನಲ್ಲಿ ಸಿಹಿ ಎಲ್ಲಿತ್ತು... ಇಬ್ಬರೂ ಜಗಳವಾಡಿಕೊಂಡೇ ಕೆಲಸ ಮಾಡುತ್ತಿದ್ದರು.

ನಾನು ಕುಚ್ಚು ಕಟ್ಟುತ್ತಾ ಕೇಳಿಸಿಕೊಂಡದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಈಗಿನ ಇಮೇಲಿಗೆಲ್ಲ ಬೀಗ ಹಾಕಿರುತ್ತದೆ. "ಈ ಮುದುಕ ಮೆಷಿನ್‌ಗೆ ಆ ಬೀಗ ತೆಗೆಯೋಕೆ ಬರಲ್ಲ ಕಣಯ್ಯಾ. ಬಾಗಿಲಲ್ಲಿ ಒಬ್ಬನ್ನ ನಿಲ್ಲಿಸ್ಬೇಕು. ಅವನು ಬೀಗ ತೆಗೆದು, ಕಾಗದ ಬಿಡಿಸಿ, ಇವನ ಕೈಗೆ ಕೊಡ್ಬೇಕು" ಎಂದು ಮೇಷ್ಟ್ರು ಹೇಳುತ್ತಿದ್ದರು. ಬಾಗಿಲಲ್ಲಿ ನಿಂತವನು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸರ್ಕ್ಯೂಟ್ ಹಲಗೆ. ಅದರಿಂದ ಯಂತ್ರಕ್ಕೆ ಒಂದು ದಪ್ಪ ಕೇಬಲ್. ಆ ಕೇಬಲಿನೊಳಗೆ ಎರಡು ತಂತಿ ಅದಲುಬದಲಾಗಿದೆ ಎಂದು ಗೊತ್ತಾಗಲು ಮೂರು ಭಾನುವಾರ ಹಿಡಿಯಿತು. ಆಮೇಲೆ ಅಕ್ಷರ ಬಂದವು, ಆದರೆ ಎಲ್ಲ ಕಸ. ವೇಗ ಕಡಿಮೆ ಮಾಡಿದರು. ಇನ್ನೂ ಕಡಿಮೆ ಮಾಡಿದರು. ಕಾಗದ ಓದಿ ಪರದೆಗೆ ತರುವ ಪ್ರೋಗ್ರಾಮನ್ನು ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ತುಂಡು ತುಂಡಾಗಿ ಯೋಚಿಸಿ, ಆ ಯಂತ್ರದ ಮುಂದೆಯೇ ಕೂತು ಬರೆದರು. ಅದೆಲ್ಲ ಒಂದು ಡಿಸ್ಕಿನಲ್ಲಿ. ಅದಕ್ಕೊಂದು ಪ್ರತಿ ಇನ್ನೊಂದು ಡಿಸ್ಕಿನಲ್ಲಿ. ಬೂಷ್ಟು ಹಿಡಿಯದ ಡಿಸ್ಕು ಉಳಿದಿದ್ದದ್ದೇ ಎರಡು. ಹೊಸ ಕಂಪ್ಯೂಟರಿಗೂ ಒಂದು ಪ್ರತಿ ಹಾಕಿಡು ಎಂದು ಬಸವನಗುಡಿಯ ಬಳಗದವರು ಹೇಳಿದ್ದರು. "ಎಲ್ಲರಿಗೂ ತೋರಿಸಿದ್ಮೇಲೆ ಹಾಕಿದ್ರಾಯ್ತು" ಎಂದಿದ್ದ ತಮ್ಮ.

ದಸರೆಗೆ ಎರಡು ವಾರ ಇರುವಾಗ ಮೊದಲ ಕಾಗದ ಬಂತು. ಮೇಷ್ಟ್ರು ತಮ್ಮದೇ ಫೋನಿನಿಂದ ಕಳಿಸಿದ್ದ ಒಂದೇ ಸಾಲು, ಒಂದೊಂದೇ ಅಕ್ಷರವಾಗಿ, ಇರುವೆ ಸಾಲಿನ ಹಾಗೆ ಪರದೆಯ ಮೇಲೆ ಬಂತು. ತಮ್ಮ ಕನ್ನಡಕ ತೆಗೆದು ಒರೆಸಿಕೊಂಡ. ದಸರೆ ಮುಗಿದ ಮಾರನೇ ದಿನ, ಭಾನುವಾರ, ಬಸವನಗುಡಿಯಲ್ಲಿ ಬಳಗದ ಮುಂದೆ ತೋರಿಸುವುದು ಎಂದಾಯಿತು. ಅಲ್ಲಿಗೆ ಬರುವವರಲ್ಲಿ ಮುಕ್ಕಾಲು ಜನ ದೊಡ್ಡ ಓದು ಓದಿದವರು. ತಕ್ಕಡಿ ರಿಪೇರಿಯವನು ಎಂದು ತಮ್ಮನನ್ನು ನೋಡಿ ಹಿಂದಿನಿಂದ ನಗುತ್ತಿದ್ದರು. ಅದು ಅವನಿಗೆ ಗೊತ್ತಿತ್ತು.

"ಅವತ್ತು ಕಾಗದ ಕಳಿಸೋದು ಅಕ್ಕ" ಎಂದ. "ಏಳನೇ ಕ್ಲಾಸ್ ಓದಿರೋ ನಮ್ಮಕ್ಕ ಕಳಿಸ್ತಾಳೆ, ನಲವತ್ತು ವರ್ಷದ ಮೆಷಿನ್ ಓದುತ್ತೆ. ನೋಡ್ಲಿ ಎಲ್ರೂ."

ಅಷ್ಟರಲ್ಲಿ ಯಂತ್ರದ ಬಾಯಿ, ಅಂದರೆ ಡಿಸ್ಕು ಓದುವ ಭಾಗ, ಕಿರುಗುಟ್ಟತೊಡಗಿತು. ಮೇಷ್ಟ್ರು ಅದನ್ನು ಬಿಚ್ಚಿಕೊಂಡು ಹೋಗಿ, ಒಳಗಿನ ಓದುವ ತಲೆಯನ್ನು, ಅವರ ಮಾತಿನಲ್ಲಿ ಹೆಡ್, ಶುಚಿಮಾಡಿ, ಆಯುಧಪೂಜೆಯ ಹಿಂದಿನ ಸಂಜೆ ತಂದು ಜೋಡಿಸಿದರು. ಒಂದು ಸಲ ಹಾಕಿ ನೋಡೋಣ ಎಂದರು. ಆದರೆ ನಾನು ಆಗಲೇ ಯಂತ್ರವನ್ನು, ತಮ್ಮನ ಬೆಸುಗೆ ಕಡ್ಡಿಯನ್ನು, ನನ್ನ ಕತ್ತರಿ ಸೂಜಿಗಳನ್ನು ಪೂಜೆಗೆಂದು ಜೋಡಿಸಿಟ್ಟಿದ್ದೆ. ನಮ್ಮಲ್ಲಿ ಪೂಜೆಗೆ ಕೂರಿಸಿದ ಸಾಮಾನನ್ನು ವಿಜಯದಶಮಿ ಕಳೆಯುವವರೆಗೆ ಕದಲಿಸುವುದಿಲ್ಲ. "ಬಿಡಿ ಮೇಷ್ಟ್ರೇ, ಭಾನುವಾರ ಅಲ್ಲೇ ಆನ್ ಮಾಡೋಣ" ಎಂದ ತಮ್ಮ.

ಪೂಜೆಯ ಬೆಳಗ್ಗೆ ಅವನು ಬೂದುಗುಂಬಳ ತರಲು ಹೊರಟ. "ಮೆಷಿನ್ ಮೇಲೆ ಒಂದ್ ಹೂ ಇಡು ಸಾಕು. ನೀರು ಗೀರು ಬೇಡ" ಎಂದು ಹೇಳಿಯೇ ಹೋದ. ನಾನು ಹಾಗೇ ಮಾಡಿದೆ. ಕತ್ತರಿಗೆ, ಸೂಜಿ ಡಬ್ಬಿಗೆ, ಈಳಿಗೆಮಣೆಗೆ ವಿಭೂತಿ ಎಳೆದು ಕುಂಕುಮ ಇಟ್ಟೆ. ಯಂತ್ರದ ಮೇಲೆ ಸೇವಂತಿಗೆ ಇಟ್ಟೆ. ಆಮೇಲೆ ಒಂದು ಯೋಚನೆ ಬಂತು. ಈ ಪೆಟ್ಟಿಗೆ ಬರೀ ಪೆಟ್ಟಿಗೆ, ಜೀವ ಎಲ್ಲಾ ಡಿಸ್ಕಲ್ಲಿದೆ ಎಂದು ಅವನೇ ಎಷ್ಟು ಸಲ ಹೇಳಿಲ್ಲ? ಜೀವ ಇರುವುದನ್ನು ಬಿಟ್ಟು ಪೆಟ್ಟಿಗೆಗೆ ಪೂಜೆ ಮಾಡಿದರೆ ಏನು ಬಂತು? ಅಷ್ಟೊಂದು ಜನರ ಮುಂದೆ ಅವನ ಮರ್ಯಾದೆ ಉಳಿಯಬೇಕಾದ ದಿನ...

ಡಿಸ್ಕನ್ನು ಲಕೋಟೆಯಿಂದ ತೆಗೆದೆ. ಕಪ್ಪು ಚೌಕದಲ್ಲಿ ಒಂದು ಕಡೆ ಕಿಟಕಿಯಂಥ ಸಂದು. ಅದರೊಳಗೆ ಕಂದು ಬಣ್ಣ ಮಿರುಗುತ್ತದೆ. ಅದೇ ಅದರ ಮುಖ ಅನ್ನಿಸಿತು. ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಆ ಮುಖದ ಮೇಲೆ ಎಳೆದು, ನಡುವೆ ಕುಂಕುಮ ಇಟ್ಟೆ. ಕೈ ತೆಗೆದ ಮೇಲೆ ನೆನಪಾಯಿತು. "ಅಕ್ಕಾ, ಏನ್ ಬೇಕಾದ್ರೂ ಮುಟ್ಟು, ಆ ಕಂದು ಭಾಗ ಮಾತ್ರ ಮುಟ್ಬೇಡ" ಎಂದು ತಮ್ಮ ಮೊದಲ ದಿನವೇ ಹೇಳಿದ್ದ.

ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಮೇಲಿನದೆಲ್ಲ ಹೋಯಿತು. ಸಂದಿನ ಅಂಚಿನಲ್ಲಿ ಒಂದಿಷ್ಟು ಕೆಂಪು ಹೋಗಲಿಲ್ಲ. ಬೀದಿಯಲ್ಲಿ ಅವನ ಗಾಡಿಯ ಸದ್ದು ಕೇಳಿಸಿತು. ಲಕೋಟೆಗೆ ಹಾಕಿ ಇದ್ದಲ್ಲೇ ಇಟ್ಟೆ. ಹೇಳಿದರಾಯಿತು ಎಂದುಕೊಂಡೆ. ಊಟವಾಗಲಿ ಎಂದುಕೊಂಡೆ. ಆಮೇಲೆ ಹಬ್ಬ ಕಳೆಯಲಿ ಎಂದುಕೊಂಡೆ.

ಭಾನುವಾರ ಶಾಲೆಯ ಮಹಡಿಯಲ್ಲಿ ಮೂವತ್ತು ಜನರಾದರೂ ಇದ್ದರು. ಯಂತ್ರವನ್ನು ಮೇಜಿನ ಮೇಲಿಟ್ಟು ಕೇಬಲ್ ಜೋಡಿಸಿದರು. ಮೇಷ್ಟ್ರು ತಮ್ಮದೇ ಫೋನನ್ನು ನನ್ನ ಕೈಗೆ ಕೊಟ್ಟು, "ನಿಮಗೆ ತೋಚಿದ್ದು ಬರೀರಿ ತಾಯಿ" ಎಂದರು. ಆ ಯಂತ್ರಕ್ಕೆ ಕನ್ನಡ ಬಾರದು. ತಮ್ಮ ಒಂದು ವಾರ ಹೇಳಿಕೊಟ್ಟಿದ್ದ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲಿ "ಊಟ ಆಯ್ತಾ" ಎಂದು ಒತ್ತಿ ಕಳಿಸಿದೆ. ಕಳಿಸುವ ಮೊದಲು ಎರಡು ಸಲ ತಪ್ಪು ಅಕ್ಷರ ಒತ್ತಿ ಅಳಿಸಿದ್ದೆ. ಹೊಸಬಳು, ಗಾಬರಿ ಎಂದು ಎಲ್ಲರೂ ನಕ್ಕರು.

ತಮ್ಮ ಡಿಸ್ಕು ಹಾಕಿ ಸ್ವಿಚ್ ಒತ್ತಿದ. ಟಕ್ ಟಕ್ ಎಂದಿತು. ಆಮೇಲೆ ಹಲಗೆಯ ಮೇಲೆ ಮೊಳೆ ಗೀರಿದ ಹಾಗೆ ಒಂದು ಸದ್ದು. ಪರದೆಯ ಮೇಲೆ ಒಂದು ಸಾಲು ಬಂದು ನಿಂತಿತು. ಅದು ಏನೆಂದು ನನಗೆ ಓದಲು ಬರದಿದ್ದರೂ ತಮ್ಮನ ಕತ್ತು ನೋಡಿಯೇ ತಿಳಿಯಿತು. ಮತ್ತೆ ಒತ್ತಿದ. ಮತ್ತೆ ಅದೇ ಸದ್ದು.

"ಏನ್ ಗುರು, ಪೋಸ್ಟ್‌ಮ್ಯಾನ್‌ಗೆ ಇವತ್ತು ರಜಾನಾ?" ಎಂದ ಹಿಂದೆ ನಿಂತಿದ್ದ ಒಬ್ಬ. ಕೆಲವರು ನಕ್ಕರು.

ತಮ್ಮ ಮೊದಲ ಡಿಸ್ಕನ್ನು ತೆಗೆದು ಪಕ್ಕಕ್ಕಿಟ್ಟು ಎರಡನೆಯದನ್ನು ಕೈಗೆ ತೆಗೆದುಕೊಂಡ. ಮೇಷ್ಟ್ರು ಅವನ ಮಣಿಕಟ್ಟು ಹಿಡಿದರು.

"ತಡಿಯಯ್ಯಾ. ಅದನ್ನ ಹಾಕ್ಬೇಡ. ಹೆಡ್ ಮೇಲೆ ಏನಾದ್ರೂ ಕೊಳೆ ಕೂತಿದ್ರೆ ಅದನ್ನೂ ಗೀರಿಹಾಕುತ್ತೆ."

"ಏನ್ ಕೂತಿರುತ್ತೆ? ನೀವೇ ತಾನೇ ಕ್ಲೀನ್ ಮಾಡಿ ತಂದಿದ್ದು?"

"ಮಾಡಿದೀನಿ."

"ಸರಿಯಾಗ್ ಮಾಡಿದೀರೋ ಇಲ್ವೋ?"

"ಮಾಡಿದೀನಿ ಕಣಯ್ಯಾ. ಆದ್ರೂ ಒಂದ್ಸಲ ಬಿಚ್ಚಿ ನೋಡೋಣ. ಹತ್ತು ನಿಮಿಷ."

"ಸರಿಯಾಗ್ ಮಾಡಿದ್ರೆ ಬಿಚ್ಚೋದ್ ಯಾಕೆ?"

ಮೇಷ್ಟ್ರು ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ನಿಂತಿತು. "ತಾಯೀ, ಮನೇಲಿ ಡಿಸ್ಕ್‌ಗೆ ಏನಾದ್ರೂ ತಾಗಿತ್ತಾ? ನೀರು, ಎಣ್ಣೆ, ಏನಾದ್ರೂ?"

ನಾನು ಬಾಯಿ ತೆರೆದೆ. ದೇವರಾಣೆ ತೆರೆದೆ. ಆದರೆ ತಮ್ಮ ನನ್ನ ಕಡೆ ತಿರುಗಿಯೂ ನೋಡದೆ ಉತ್ತರ ಕೊಟ್ಟುಬಿಟ್ಟ. "ಅಕ್ಕ ಮುಟ್ಟಲ್ಲ ಮೇಷ್ಟ್ರೇ. ನಾನ್ ಹೇಳಿದೀನಿ, ಮುಟ್ಟಲ್ಲ. ಅವಳನ್ಯಾಕೆ ಕೇಳ್ತೀರಾ?"

ಅಷ್ಟು ಜನರ ಮುಂದೆ ಅವನು ನನ್ನ ಪರವಾಗಿ ಆಣೆ ಇಟ್ಟ ಹಾಗೆ ಹೇಳಿದ. ಅದನ್ನು ಸುಳ್ಳು ಮಾಡಲು ನನ್ನಿಂದ ಆಗಲಿಲ್ಲ. ಓದಿಲ್ಲದವಳು ಕುಂಕುಮ ಇಟ್ಟು ಕೆಡಿಸಿದಳಂತೆ ಎಂದು ಆ ಓದಿದವರೆಲ್ಲ ನಗುವುದು ಕಿವಿಗೆ ಆಗಲೇ ಕೇಳಿಸುತ್ತಿತ್ತು. ಬಾಯಿ ಮುಚ್ಚಿದೆ. ತಮ್ಮ ಕೈ ಬಿಡಿಸಿಕೊಂಡು ಎರಡನೇ ಡಿಸ್ಕನ್ನು ಒಳಗೆ ತಳ್ಳಿದ.

ಅದೇ ಸದ್ದು.

ಮೇಷ್ಟ್ರು ಯಂತ್ರದ ಬಾಯಿಗೆ ಕೈ ಹಾಕಲು ಹೋದರು. "ಮುಟ್ಬೇಡಿ" ಎಂದ ತಮ್ಮ. ಕೂಗಲಿಲ್ಲ, ಮೆಲ್ಲಗೇ ಹೇಳಿದ. "ಎಂಟು ತಿಂಗಳು ಮೇಷ್ಟ್ರೇ. ನಿಮ್ಮ ಕೈಯಾರೆ ಹಾಳು ಮಾಡಿದ್ರಿ. ಇನ್ ಮೇಲೆ ನನ್ನ ಮೆಷಿನ್ ಮುಟ್ಬೇಡಿ."

ಮೇಷ್ಟ್ರು ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡರು. ನನ್ನ ಹತ್ತಿರ ಬಂದು ಫೋನು ಇಸಿದುಕೊಂಡರು. ನೋಟ್‌ಬುಕ್ಕು ಕಂಕುಳಲ್ಲಿ ಇಟ್ಟುಕೊಂಡು ಮಹಡಿಯ ಮೆಟ್ಟಿಲು ಇಳಿದು ಹೋದರು.

ಆ ಸಂಜೆಯೇ ನಾನು ಮೊದಲ ಡಿಸ್ಕನ್ನು ಲಕೋಟೆ ಸಮೇತ ತೆಗೆದು ನನ್ನ ಜರಿದಾರದ ಡಬ್ಬಿಯ ತಳದಲ್ಲಿ ಬಚ್ಚಿಟ್ಟೆ. ತಮ್ಮ ಯಂತ್ರ ಬಿಚ್ಚಿದರೆ ಒಳಗೆ ಕೆಂಪು ಕಾಣುತ್ತದೆ, ಕಂಡರೆ ತಿಳಿಯುತ್ತದೆ ಎಂದು ಪ್ರತಿ ದಿನ ಅವನು ಕೆಲಸದಿಂದ ಬರುವ ಹೊತ್ತಿಗೆ ಯಂತ್ರದ ಪಕ್ಕದಲ್ಲೇ ಕುಚ್ಚು ಕಟ್ಟಲು ಕೂರುತ್ತಿದ್ದೆ. ಅವನು ಬಿಚ್ಚಲೇ ಇಲ್ಲ. ನನ್ನ ಒಂದು ಹಳೇ ಸೀರೆ ಕೇಳಿ ಪಡೆದು ಅದರ ಮೇಲೆ ಹೊದಿಸಿದ. ಬಸವನಗುಡಿಗೆ ಹೋಗುವುದನ್ನು ಬಿಟ್ಟ. ಭಾನುವಾರ ಹತ್ತು ಗಂಟೆಗೆ ಸುಮ್ಮನೆ ಬಾಗಿಲಲ್ಲಿ ನಿಂತು, ಏನೋ ಮರೆತವನ ಹಾಗೆ ಒಳಗೆ ಬರುತ್ತಿದ್ದ. ನಾನು ರೂಢಿಯಂತೆ ಮೂರು ಲೋಟ ಕಾಫಿಗೆ ಹಾಲಿಟ್ಟು, ಆಮೇಲೆ ಒಂದು ಲೋಟದ್ದು ಕಡಿಮೆ ಮಾಡುತ್ತಿದ್ದೆ.

ಒಂದು ದಿನ ಊಟ ಮಾಡುತ್ತಾ ಕೇಳಿದ. "ಅಕ್ಕಾ, ಮೇಷ್ಟ್ರು ಅಷ್ಟು ಅಜಾಗರೂಕರಲ್ಲ ಅಲ್ವಾ? ಅವರು ಸರಿಯಾಗೇ ಮಾಡಿರ್ಬೋದು. ಬೇರೆ ಏನೋ ಆಗಿರ್ಬೋದು."

ದಾರಿ ತಾನಾಗಿಯೇ ತೆರೆದಿತ್ತು. ಮನೆಯಲ್ಲಿ ನಾವಿಬ್ಬರೇ. ನಗಲು ಯಾರೂ ಇರಲಿಲ್ಲ. ಅವನು ಫೋನು ಎಡಗೈಯಲ್ಲಿ ಹಿಡಿದೇ ಕೂತಿದ್ದ. ಒಂದು ಮಾತು ಹೇಳಿದ್ದರೆ ಆಗಲೇ ಮೇಷ್ಟ್ರಿಗೆ ಫೋನು ಮಾಡುತ್ತಿದ್ದ.

"ಯಾರಿಗ್ಗೊತ್ತಪ್ಪಾ" ಎಂದೆ. "ಸಾರು ಹಾಕ್ಲಾ?"

ಬಸವನಗುಡಿಯಲ್ಲಿ ಸುಮ್ಮನಿದ್ದದ್ದಕ್ಕಾದರೂ ಹೆದರಿಕೆ ಎಂಬ ನೆಪ ಇದೆ. ಇದಕ್ಕೆ ಯಾವ ನೆಪವೂ ಇಲ್ಲ. ಮುಂದಿನ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕೂತಿದ್ದ ತಮ್ಮ ಹಾಗೇ ಒರಗಿದನಂತೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೇಷ್ಟ್ರು ಬಂದಿದ್ದರು. ಗೇಟಿನ ಹೊರಗೇ ನಿಂತಿದ್ದರು, ಒಳಗೆ ಬರಲಿಲ್ಲ. ಮುಟ್ಟಬೇಡಿ ಎಂದವನ ಮನೆ, ಹೇಗೆ ಬಂದಾರು...

ಬಳೇಪೇಟೆಯಲ್ಲಿ ಆ ವಾಸನೆ ಬಂದ ದಿನ ಮನೆಗೆ ಬಂದು ಜರಿದಾರದ ಡಬ್ಬಿ ಬರಿದು ಮಾಡಿದೆ. ಡಿಸ್ಕು ಅಲ್ಲೇ ಇತ್ತು. ಸಂದಿನಲ್ಲಿ ಕಂದು ಬಣ್ಣದ ಮೇಲೆ ದುಂಡಗೆ ಗೀರು, ಅಂಚಿನಲ್ಲಿ ಒಣಗಿದ ಕುಂಕುಮ. ನಾಲ್ಕು ವರ್ಷದಿಂದ ನಾನು ಕತ್ತರಿಗೂ ಪೂಜೆ ಮಾಡಿಲ್ಲ.

ಮಾರನೇ ದಿನ ಚಿಕ್ಕಪೇಟೆಯಲ್ಲಿ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದೆ. ವಿಳಾಸ ತಮ್ಮನ ಡೈರಿಯಲ್ಲಿತ್ತು. ಮೇಷ್ಟ್ರೇ ಬಾಗಿಲು ತೆರೆದರು. ಬಹಳ ಇಳಿದುಹೋಗಿದ್ದರು. ಗುರುತು ಸಿಕ್ಕಿದ ಕೂಡಲೇ "ಬನ್ನಿ ತಾಯಿ, ಬನ್ನಿ" ಎಂದು ಕೂರಿಸಿ, ಅಡುಗೆಮನೆಯ ಕಡೆ ತಿರುಗಿ ಹೆಂಡತಿಗೆ ಕಾಫಿ ಎಂದರು. ನಾನು ಚೀಲದಿಂದ ಲಕೋಟೆ ತೆಗೆದು ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಕೈ ಎರಡನ್ನೂ ಹೊದ್ದಿದ್ದ ಶಾಲಿನೊಳಗೆ ಎಳೆದುಕೊಂಡರು.

"ಬೇಡ ತಾಯಿ. ಈಗ ಯಾವ ಮೆಷಿನ್ನೂ ಮುಟ್ಟಲ್ಲ ನಾನು. ಅವತ್ತಿಂದ ಬಿಟ್ಟೆ." ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ಹೇಳಿದರು. "ಆ ಪ್ರೋಗ್ರಾಮ್ ನೋಟ್‌ಬುಕ್ಕಲ್ಲಿ ಮುಕ್ಕಾಲು ಪಾಲು ಇದೆ. ಮತ್ತೆ ಬರೀಬೋದಿತ್ತು. ಅದಲ್ಲ. ಆ ಹೆಡ್‌ನ ಎಷ್ಟು ಸಲ ಮನಸ್ಸಲ್ಲೇ ಬಿಚ್ಚಿ ಕ್ಲೀನ್ ಮಾಡಿದೀನಿ ಗೊತ್ತೇ? ಸ್ಪಿರಿಟ್ ಹಾಕ್ದೆ, ಹತ್ತಿ ಸುತ್ತಿದೆ, ಒರೆಸ್ದೆ. ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ಸಿಕ್ಕಿಲ್ಲ."

ಮತ್ತೆ ಏನೋ ನೆನಪಾದವರ ಹಾಗೆ, "ನಿಮ್ಮ ಕಾಗದ ಇನ್ನೂ ಹಾಗೇ ಇದೆ ತಾಯಿ. ಊಟ ಆಯ್ತಾ ಅಂತ ಕಳಿಸಿದ್ರಲ್ಲ. ನಿಮ್ಮ ತಮ್ಮನ ಇಮೇಲ್ ಡಬ್ಬಿಯಲ್ಲೇ ಬಿದ್ದಿದೆ. ನಾನು ಅಳಿಸಿಲ್ಲ" ಎಂದರು.

ನಾನು ತಲೆ ತಗ್ಗಿಸಿ ಹೇಳಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಮುಗಿಸಿ ತಲೆ ಎತ್ತಿದರೆ ಮೇಷ್ಟ್ರು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ನನ್ನ ಕಡೆ ಬಾಗಿದ್ದರು.

"ಏನಂದ್ರಿ? ಈಗೀಗ ಕಿವಿ ಮಂದ ತಾಯಿ. ಸ್ವಲ್ಪ ಜೋರಾಗಿ ಹೇಳಿ."

ಅಡುಗೆಮನೆಯಲ್ಲಿ ಅವರ ಹೆಂಡತಿ ಲೋಟ ಜೋಡಿಸುತ್ತಿದ್ದ ಸದ್ದು. ಬೀದಿಯ ಕಡೆಯ ಕಿಟಕಿ ತೆರೆದಿತ್ತು, ಹೊರಗೆ ಹೂವಿನವಳು ಯಾರ ಜೊತೆಗೋ ಮಾತಾಡುತ್ತಿದ್ದಳು. ಅವರಿಗೆಲ್ಲ ಕೇಳಿಸುತ್ತದೆ ಎಂದು ಗೊತ್ತಿದ್ದೇ, ಎದ್ದು ನಿಂತು, ಬಸವನಗುಡಿಯ ಆ ಮಹಡಿಯಲ್ಲಿ ಮೂವತ್ತು ಜನಕ್ಕೆ ಕೇಳಿಸುವಷ್ಟು ಜೋರಾಗಿ ಹೇಳಿದೆ.

"ನಿಮ್ಮ ಕೈ ತಪ್ಪು ಮಾಡ್ಲಿಲ್ಲ ಮೇಷ್ಟ್ರೇ. ಡಿಸ್ಕಿನ ಮೇಲೆ ವಿಭೂತಿ ಎಳೆದವಳು ನಾನು, ಕುಂಕುಮ ಇಟ್ಟವಳು ನಾನು. ನೀವು ಕೇಳಿದಾಗ ಗೊತ್ತಿದ್ದೂ ಸುಮ್ನಿದ್ದೆ. ನನ್ನ ತಮ್ಮ ಕೇಳಿದಾಗ್ಲೂ ಸುಮ್ನಿದ್ದೆ. ಅವನಿಗೆ ಹೇಳೋಕೆ ಇನ್ನು ಆಗಲ್ಲ. ತಪ್ಪಾಯ್ತು, ನನ್ನನ್ನ ಕ್ಷಮಿಸಿ."